ಗುರಿಗಿಂತ ಮೊದಲು ಶಿಸ್ತು: ಊರಿನ ಕೋವಿ, ನಗರದ ಮಗು

ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊರಿನದ್ದೇ ಮಾತು. ರೈಲಿನ ಟಿಕೇಟು ಮೊದಲೇ ಕಾದಿರಿಸಿ, ಮಕ್ಕಳನ್ನು ಅಜ್ಜ-ಅಜ್ಜಿಯ ಮನೆಗೆ ಕರೆದುಕೊಂಡು ಹೋಗುವುದು ಹೊರನಾಡ ಕನ್ನಡಿಗರ ಹಳೆಯ ವಾಡಿಕೆ. ವರ್ಷವಿಡೀ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳೆದ ಮಗುವಿಗೆ ಅಲ್ಲಿ ಎಲ್ಲವೂ ಹೊಸತು. ಹಟ್ಟಿಯ ದನಕರು, ತೋಟದ ಕೆರೆ, ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ, ಎಲ್ಲದರ ಬಗ್ಗೆಯೂ ಕುತೂಹಲ. ಕೆಲವು ಮನೆಗಳಲ್ಲಿ ಮಗುವಿನ ಕಣ್ಣಿಗೆ ಬೀಳುವ ಇನ್ನೂ ಒಂದು ವಸ್ತು ಉಂಟು. ಅದು ಕೋವಿ.

ದಕ್ಷಿಣ ಕನ್ನಡ, ಉಡುಪಿ, ಮಲೆನಾಡು, ಕೊಡಗಿನ ಕೃಷಿಕರ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವೇನಲ್ಲ. ಮಂಗ, ಕಾಡುಹಂದಿಗಳ ಕಾಟದಿಂದ ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡ ಕೇಪಿನ ಕೋವಿ, ತೋಟಾ ಕೋವಿಗಳು ತಂದೆಯಿಂದ ಮಗನಿಗೆ ಬಂದಿವೆ. ಊರಿನ ಮಕ್ಕಳು ಅದನ್ನು ಹುಟ್ಟಿದಂದಿನಿಂದ ನೋಡಿದವರು. ಅದಕ್ಕೆ ಯಾರು ಕೈ ಹಚ್ಚಬಹುದು, ಯಾರು ಹಚ್ಚಬಾರದು ಎಂಬುದು ಅವರಿಗೆ ಹೇಳದೆಯೇ ತಿಳಿದಿರುತ್ತದೆ. ನಗರದಿಂದ ಹದಿನೈದು ದಿನಕ್ಕೆಂದು ಬಂದ ಮೊಮ್ಮಗನಿಗೆ ಹಾಗಲ್ಲ. ಅವನು ಕೋವಿಯನ್ನು ಕಂಡದ್ದು ಸಿನಿಮಾದಲ್ಲಿ, ಮೊಬೈಲಿನ ಆಟದಲ್ಲಿ. ಅಲ್ಲಿ ಗುಂಡು ತಗಲಿ ಬಿದ್ದವನು ಮರುಗಳಿಗೆಯೇ ಎದ್ದು ಬರುತ್ತಾನೆ.

“ಅಜ್ಜ, ಇದು ನಿಜದ್ದಾ?” ಎಂದು ಅವನು ಕೇಳುತ್ತಾನೆ.

“ಮುಟ್ಟಬೇಡ ಮಗಾ, ಅದು ಮಕ್ಕಳಿಗಲ್ಲ” ಎಂಬ ಉತ್ತರ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಪಾಠ ಅಲ್ಲಿಗೇ ಮುಗಿಯುತ್ತದೆ. ಅಪಾಯದ ದಾರಿ ತೆರೆಯುವುದೂ ಅಲ್ಲಿಂದಲೇ.

ಬರೇ ಬುದ್ಧಿಮಾತು ಸಾಲದು

‘ನಮ್ಮ ಮಗುವಿಗೆ ಹೇಳಿದ್ದೇವೆ, ಅವನು ಮುಟ್ಟುವುದಿಲ್ಲ’ ಎಂಬುದು ಎಲ್ಲ ತಂದೆ-ತಾಯಿಯರ ನಂಬಿಕೆ. ಆ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯರು ಒಮ್ಮೆ ಪರೀಕ್ಷಿಸಿ ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 8ರಿಂದ 12 ವರ್ಷದ 64 ಮಂದಿ ಬಾಲಕರಿದ್ದರು. ಅವರನ್ನು ಎರಡು ಮೂರು ಜನರ ಗುಂಪುಗಳಾಗಿ ಒಂದು ಕೋಣೆಯಲ್ಲಿ ಬಿಡಲಾಯಿತು. ಕೋಣೆಯ ಡ್ರಾವರಿನಲ್ಲಿ ನಿಜವಾದ ಪಿಸ್ತೂಲನ್ನೇ, ಗುಂಡು ಹಾರದಂತೆ ಮಾಡಿ ಇಡಲಾಗಿತ್ತು. 48 ಬಾಲಕರು ಅದನ್ನು ಪತ್ತೆ ಹಚ್ಚಿದರು. 30 ಮಂದಿ ಕೈಗೆತ್ತಿಕೊಂಡರು. 16 ಮಂದಿ ಕುದುರೆ ಎಳೆದೇ ಬಿಟ್ಟರು! ಕಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ನಿಜದ್ದೋ ಆಟಿಕೆಯೋ ಎಂಬುದೇ ಖಚಿತವಿರಲಿಲ್ಲ. ಅದಕ್ಕಿಂತಲೂ ಗಮನಾರ್ಹ ಸಂಗತಿಯೆಂದರೆ, ಮುಟ್ಟಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಬಂದೂಕಿನ ಬಗ್ಗೆ ಯಾವುದೋ ರೀತಿಯ ಸುರಕ್ಷತೆಯ ಪಾಠ ಕೇಳಿದ್ದವರೇ ಆಗಿದ್ದರು.

ಆ ಮಕ್ಕಳನ್ನು ಕೆಟ್ಟವರೆನ್ನುವಂತಿಲ್ಲ. ಆ ವಯಸ್ಸಿನ ಸ್ವಭಾವವೇ ಅಂಥದ್ದು. ಇದರಿಂದ ಹೊರಡುವ ನೀತಿ ಇಷ್ಟೆ: ಮೊದಲು ಬೀಗ, ಆಮೇಲೆ ಪಾಠ. ಎರಡರಲ್ಲಿ ಒಂದಿದ್ದರೆ ಸಾಲದು. ಬೀಗ ಹಾಕುವುದು ದೊಡ್ಡವರ ಹೊಣೆ. ಅದನ್ನು ಮಗುವಿನ ವಿವೇಕದ ಮೇಲೆ ಹೊರಿಸಬಾರದು.

ಊರಿನ ಮನೆಯಲ್ಲಿ ಕೋವಿ ಇರುವವರು ಮಕ್ಕಳು ಬರುವ ಮುನ್ನ ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕೋವಿಯನ್ನು ಯಾವ ಕಾರಣಕ್ಕೂ ಈಡು ತುಂಬಿಸಿ ಇಡಕೂಡದು. ಬೆಳಗ್ಗೆ ಮಂಗ ಬಂದರೆ ತಯಾರಿರಲಿ ಎಂದು ರಾತ್ರಿಯೇ ತುಂಬಿಸಿ ಬಾಗಿಲ ಮೂಲೆಗೆ ಒರಗಿಸುವ ಅಭ್ಯಾಸ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ಕೋವಿ ಒಂದು ಬೀಗದೊಳಗೆ, ತೋಟೆ-ಮದ್ದು-ಕೇಪುಗಳು ಬೇರೆ ಬೀಗದೊಳಗೆ ಇರಬೇಕು. ಬೀಗದ ಕೈ ದೇವರ ಕೋಣೆಯ ಮೊಳೆಗೆ ನೇತಾಡುತ್ತಿದ್ದರೆ ಪ್ರಯೋಜನವಿಲ್ಲ, ಅದು ಹೊಣೆಗಾರರ ಬಳಿಯೇ ಇರಬೇಕು. ಕೇಪಿನ ಕೋವಿಯಲ್ಲಿ ಹಿಂದಿನ ಸಲ ತುಂಬಿದ ಮದ್ದು ಹಾಗೆಯೇ ಉಳಿದಿದ್ದರೆ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಖಾಲಿ ಇದೆ ಎಂಬ ನೆನಪನ್ನು ನಂಬದೆ ಪರೀಕ್ಷಿಸಿಯೇ ಒಳಗಿಡಬೇಕು.

ಈ ಬೀಗದ ಅಗತ್ಯ ಚಿಕ್ಕ ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಪರೀಕ್ಷೆಯ ಫಲಿತಾಂಶ, ಗೆಳೆತನದ ಮುನಿಸು, ಮನೆಯವರ ಬೈಗುಳದಿಂದ ಮನಸ್ಸು ಕದಡಿದ ಹದಿಹರೆಯದವರ ಕೈಗೆ ಅಂಥ ಗಳಿಗೆಯಲ್ಲಿ ಕೋವಿ ಸಿಗಬಾರದು. ದುಡುಕಿನ ಆ ಹೊತ್ತು ದಾಟಿಬಿಟ್ಟರೆ ಜೀವ ಉಳಿಯುತ್ತದೆ.

ಮಗುವಿಗೆ ಏನು ಹೇಳಬೇಕು?

ಬೀಗ ಹಾಕಿದ ಮೇಲೆ ಮಾತು. ನಾಲ್ಕೈದು ವರ್ಷದ ಮಗುವಿಗೆ ಉದ್ದದ ಉಪದೇಶ ಬೇಡ. ಎಲ್ಲಿಯಾದರೂ ಬಂದೂಕು ಕಂಡರೆ ನಿಲ್ಲು, ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ಹೇಳು. ಇಷ್ಟೇ ಸಾಕು. ಗೆಳೆಯ ಮುಟ್ಟಿದರೆ ಅವನಿಂದ ಕಿತ್ತುಕೊಳ್ಳಲು ಹೋಗಬಾರದು, ಓಡಿಹೋಗಿ ಹೇಳಬೇಕು ಎಂಬುದನ್ನೂ ಸೇರಿಸಿ ತಿಳಿಸಬೇಕು. ಹಾಗೆ ಬಂದು ಹೇಳಿದ ಮಗುವನ್ನು ‘ಅಲ್ಲಿಗೆ ಯಾಕೆ ಹೋದೆ?’ ಎಂದು ಗದರಿಸಿದರೆ ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ.

ಹತ್ತು ದಾಟಿದ ಮಕ್ಕಳಿಗೆ ಕಾರಣವನ್ನೂ ವಿವರಿಸಬೇಕು. ಜಗತ್ತಿನ ಎಲ್ಲ ಶೂಟಿಂಗ್ ತರಬೇತುದಾರರೂ ಮೊದಲು ಹೇಳಿಕೊಡುವ ನಿಯಮಗಳು ಹೆಚ್ಚುಕಡಿಮೆ ಒಂದೇ. ಪ್ರತಿಯೊಂದು ಬಂದೂಕಿನಲ್ಲೂ ಗುಂಡು ಇದೆ ಎಂದೇ ತಿಳಿಯಬೇಕು. ಖಾಲಿಯಿರಲಿ, ತುಂಬಿರಲಿ, ನಳಿಗೆಯನ್ನು ಮನುಷ್ಯರತ್ತ ತಿರುಗಿಸಬಾರದು. ಗುರಿ ಹಿಡಿದು ಹೊಡೆಯಲು ಸಿದ್ಧವಾಗುವವರೆಗೆ ಬೆರಳು ಕುದುರೆಯ ಹೊರಗೇ ಇರಬೇಕು. ಗುರಿಯ ಹಿಂದೆ ಏನಿದೆ ಎಂಬುದನ್ನು ತಿಳಿಯದೆ ಹೊಡೆಯಬಾರದು. ಪಾಯಿಂಟ್ ಟೂಟೂ ರೈಫಲಿನ ಪುಟ್ಟ ಗುಂಡು ಕೂಡ ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ತೋಟದ ಆಚೆ ಯಾರದೋ ಅಂಗಳವಿರಬಹುದು, ಮಕ್ಕಳು ಆಡುತ್ತಿರಬಹುದು.

ಈ ನಾಲ್ಕು ನಿಯಮಗಳ ಮಹತ್ವ ಒಂದರ ಹಿಂದೆ ಒಂದು ಕಾವಲಾಗಿರುವುದರಲ್ಲಿದೆ. ಮರೆತು ಗುಂಡು ಉಳಿದಿದ್ದರೂ ಬೆರಳು ಹೊರಗಿದ್ದರೆ ಅದು ಹಾರದು. ಅಕಸ್ಮಾತ್ ಹಾರಿದರೂ ನಳಿಗೆ ಜನರತ್ತ ಇಲ್ಲದಿದ್ದರೆ ಜೀವ ಹೋಗದು.

ಈ ಪಾಠಕ್ಕೆ ನಿಜವಾದ ಬಂದೂಕೇ ಬೇಕೆಂದಿಲ್ಲ. ದೀಪಾವಳಿಯಲ್ಲಿ ಮಕ್ಕಳ ಕೈಗೆ ಕೊಡುವ ಪಟಾಕಿ ಪಿಸ್ತೂಲಿನಿಂದಲೇ ಅದು ಶುರುವಾಗಬಹುದು. ಮಗು ಅದನ್ನು ತಂಗಿಯ ಹಣೆಗೆ ಹಿಡಿದು ‘ಠಾ’ ಎಂದಾಗ ಮನೆಯವರೆಲ್ಲ ನಕ್ಕು ಫೋಟೋ ತೆಗೆಯುವುದುಂಟು. ಆ ನಗುವೇ ಮಗುವಿನ ಮೊದಲ ತಪ್ಪು ಪಾಠ. ‘ಗೋಡೆಗೆ ಹಿಡಿ, ಮನುಷ್ಯರಿಗೆ ಹಿಡಿಯಬೇಡ’ ಎಂದು ಆಗಲೇ ತಿದ್ದಿದರೆ ಅಭ್ಯಾಸ ಕೈಗೆ ಹತ್ತುತ್ತದೆ. ಜಾತ್ರೆಯಲ್ಲೋ ಜುಹೂ ಚೌಪಾಟಿಯಲ್ಲೋ ಬಲೂನಿಗೆ ಗುರಿಯಿಡುವ ಹಲಗೆಯ ಮುಂದೆ ನಿಂತಾಗಲೂ ಇದೇ ಮಾತು ಅನ್ವಯ.

ಏರ್ ಗನ್ ಆಟಿಕೆಯಲ್ಲ

ನಗರದ ಪಾಲಕರು ಹೆಚ್ಚಾಗಿ ಎಡವುವುದು ಏರ್ ಗನ್ನಿನ ವಿಷಯದಲ್ಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಥವಾ ಹೊಡೆತದ ಶಕ್ತಿ 20 ಜೂಲ್ ಮೀರಿದ್ದರೆ ಏರ್ ಗನ್ನಿಗೂ ಪರವಾನಗಿ ಬೇಕು. ಅದಕ್ಕಿಂತ ಕೆಳಗಿನವಕ್ಕೆ ಬೇಕಿಲ್ಲ. ಪರವಾನಗಿ ಬೇಡವೆಂದ ಮೇಲೆ ಅದು ಆಟದ ಸಾಮಾನು ಎಂದು ತಿಳಿದು ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವವರಿದ್ದಾರೆ. ಆದರೆ ಅದರಿಂದ ಹಾರುವ ಸೀಸದ ಪುಟ್ಟ ಪೆಲೆಟ್ ಕಣ್ಣಿಗೆ ಬಿದ್ದರೆ ಶಾಶ್ವತವಾಗಿ ದೃಷ್ಟಿ ಹೋಗಬಹುದು. ಹತ್ತಿರದಿಂದ ಬಡಿದರೆ ಚಿಕ್ಕ ಮಕ್ಕಳ ಪ್ರಾಣಕ್ಕೂ ಸಂಚಕಾರ. ಬಾಲ್ಕನಿಯಲ್ಲಿ ನಿಂತು ಹಕ್ಕಿಗಳಿಗೆ ಗುರಿಯಿಡುವುದಂತೂ ಅಪಾಯದ ಜೊತೆಗೆ ಅಪರಾಧವೂ ಹೌದು. ಕಾಡುಪ್ರಾಣಿ, ಪಕ್ಷಿಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಡೆದಿದೆ.

ನಿಜವಾದ ಬಂದೂಕಿನ ಬಗ್ಗೆ ಕಾನೂನು ಇನ್ನೂ ಕಟ್ಟುನಿಟ್ಟು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ 21 ವರ್ಷ ತುಂಬದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವಂತಿಲ್ಲ, ಕೊಂಡೊಯ್ಯುವಂತಿಲ್ಲ. ನಿಗದಿತ ವಯಸ್ಸು ದಾಟಿದವರು ನಿಯಮಬದ್ಧವಾದ ತರಬೇತಿಯ ಹೊತ್ತಿನಲ್ಲಿ ಬಳಸುವುದಕ್ಕೆ ಮಾತ್ರ ಅದೇ ಕಾಯಿದೆಯಲ್ಲಿ ಅವಕಾಶವಿದೆ. ‘ನಮ್ಮದೇ ತೋಟ, ನಮ್ಮದೇ ಕೋವಿ, ಒಂದು ಈಡು ಹೊಡೆಯಲಿ ಬಿಡಿ’ ಎಂದು ಮಾವನೋ ಚಿಕ್ಕಪ್ಪನೋ ಪ್ರೀತಿಯಿಂದ ಕೊಡುವ ಕೋವಿ ಆ ತರಬೇತಿಯ ಲೆಕ್ಕಕ್ಕೆ ಬಾರದು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಕೊಡಗು ಕಲಿಸುವ ಪಾಠ

ಕೋವಿಯೊಡನೆ ಬಾಳುವುದನ್ನು ಸಂಸ್ಕಾರವಾಗಿಸಿಕೊಂಡ ನಾಡು ಕೊಡಗು. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು ಹಾರುತ್ತದೆ. ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸುವುದೂ ಕೋವಿಯ ಸದ್ದೇ.

ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಆಯುಧಗಳ ಹಬ್ಬ. ಗದ್ದೆಯ ನಾಟಿ ಕೆಲಸದ ತಿಂಗಳುಗಳಲ್ಲಿ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಟ್ಟುಬಿಡುವುದು ಹಿಂದಿನ ಪದ್ಧತಿ. ನಾಟಿ ಮುಗಿದ ಮೇಲೆ ಹಬ್ಬದ ದಿನ ಅವನ್ನು ಹೊರತೆಗೆದು, ಶುಚಿ ಮಾಡಿ, ಗಂಧ ಹಚ್ಚಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಪೂಜೆ, ಊಟ ಮುಗಿದ ಬಳಿಕ ಊರವರು ಕೂಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇದನ್ನು ನೋಡುತ್ತ ಬೆಳೆದ ಮಗುವಿಗೆ ಕೋವಿ ಎಂದರೆ ಹಿರಿಯರ ಕೈಯಲ್ಲಿ, ಹೊತ್ತು ನೋಡಿ, ಮರ್ಯಾದೆಯಿಂದ ಹೊರಬರುವ ವಸ್ತು ಎಂಬ ತಿಳುವಳಿಕೆ ಬರುತ್ತದೆ.

ಆದರೂ ಒಂದು ಎಚ್ಚರ ಅಗತ್ಯ. ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ, ಜಾಗ್ರತೆಗಲ್ಲ. ಪೂಜೆಗಿಟ್ಟ ಕೋವಿಯಲ್ಲಿ ತೋಟೆ ಇಲ್ಲವೆಂದು ನೋಡಿಕೊಳ್ಳುವುದು ಹಿರಿಯರ ಮೊದಲ ಕೆಲಸ. ದಸರೆಯ ಆಯುಧ ಪೂಜೆಯಲ್ಲಿ ಕೋವಿಗೆ ಅರಶಿನ-ಕುಂಕುಮ ಹಚ್ಚುವ ಇತರ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಆಸಕ್ತಿ ಇದ್ದರೆ ರೇಂಜಿಗೆ

ಕೆಲವು ಮಕ್ಕಳಿಗೆ ಕುತೂಹಲ ಅಷ್ಟಕ್ಕೇ ತಣಿಯದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ರೈಫಲಿನಲ್ಲಿ ಕಂಚು ತಂದದ್ದನ್ನು ಕಂಡ ಮಕ್ಕಳು ತಾವೂ ಕಲಿಯಬೇಕೆಂದು ಹಟ ಹಿಡಿಯುತ್ತಾರೆ. ಆ ಹಟಕ್ಕೆ ತಕ್ಕ ಜಾಗ ಅಜ್ಜನ ತೋಟವಲ್ಲ, ಶೂಟಿಂಗ್ ರೇಂಜ್. ಮುಂಬಯಿಯ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ರೇಂಜ್, ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣ, ದೆಹಲಿಯ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜ್, ಹೈದರಾಬಾದಿನ ಗಚ್ಚಿಬೌಲಿ ರೇಂಜ್, ಇವೆಲ್ಲ ಈ ಕ್ರೀಡೆಯ ಹೆಸರಾಂತ ತಾಣಗಳು.

ರೇಂಜಿಗೆ ಹೋದ ಮೊದಲ ದಿನವೇ ಗುಂಡು ಹಾರಿಸುತ್ತೇನೆಂದು ಹೊರಟ ಮಗುವಿಗೆ ನಿರಾಸೆ ಕಾದಿರುತ್ತದೆ. ಸಾಮಾನ್ಯವಾಗಿ 10-12 ವರ್ಷದ ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ ಆರಂಭಿಸುತ್ತಾರೆ. ಮೊದಲ ಪಾಠಗಳಲ್ಲಿ ಪೆಲೆಟ್ಟೇ ಇರುವುದಿಲ್ಲ. ನಿಲ್ಲುವ ಭಂಗಿ, ಉಸಿರಿನ ಹತೋಟಿ, ಬೆರಳಿನ ಒತ್ತಡ, ಇವುಗಳ ಅಭ್ಯಾಸವೇ ಹೆಚ್ಚು. ಸ್ಪರ್ಧೆಯ ಏರ್ ರೈಫಲ್ ಐದೂವರೆ ಕಿಲೋವರೆಗೂ ತೂಗಬಹುದಾದ್ದರಿಂದ ಚಿಕ್ಕ ಮಕ್ಕಳಿಗೆ ಸ್ಟ್ಯಾಂಡಿನ ಆಧಾರ ಕೊಡುತ್ತಾರೆ. ಬೆನ್ನು, ಭುಜ ಗಟ್ಟಿಯಾಗಲು ವ್ಯಾಯಾಮ ಮಾಡಿಸುತ್ತಾರೆ.

ಹೊಡೆಯದ ಹೊತ್ತಿನಲ್ಲಿ ಪ್ರತಿ ಏರ್ ಗನ್ನಿನ ನಳಿಗೆಯೊಳಗೆ ಎದ್ದು ಕಾಣುವ ಬಣ್ಣದ ಸುರಕ್ಷತಾ ದಾರವನ್ನು ತೂರಿಸಿಡಬೇಕು. ದಾರ ಕಂಡರೆ ಒಳಗೆ ಪೆಲೆಟ್ ಇಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ. ತುಂಬು, ಆರಂಭಿಸು, ನಿಲ್ಲಿಸು, ಖಾಲಿ ಮಾಡು ಎಂಬ ರೇಂಜ್ ಅಧಿಕಾರಿಯ ಆಜ್ಞೆಗಳಿಗೆ ಎದುರು ಮಾತಿಲ್ಲ. ‘ನಿಲ್ಲಿಸು’ ಎಂದ ಮೇಲೆ ಇನ್ನೊಂದು ಗುಂಡು ಹಾರಿಸಿದವರು, ಎಷ್ಟೇ ಪ್ರತಿಭಾವಂತರಿರಲಿ, ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಸಾಲಿನಲ್ಲಿ ಒಬ್ಬರ ಕೈಯಲ್ಲಿ ಗನ್ ಇದ್ದರೂ ಉಳಿದವರು ಗೆರೆ ದಾಟಿ ಮುಂದೆ ಹೋಗುವಂತಿಲ್ಲ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸದ ಬಳಿಕ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಸದ್ದು ಹೆಚ್ಚಿರುವ ಬಂದೂಕುಗಳ ರೇಂಜಿನಲ್ಲಿ ಕಿವಿಗೂ ರಕ್ಷಣೆ ಬೇಕು.

10 ಮೀಟರ್ ಏರ್ ರೈಫಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ಬಿಂದು ಕೇವಲ ಅರ್ಧ ಮಿಲಿಮೀಟರ್ ಅಗಲ, ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅದನ್ನು ತಲುಪಬೇಕಾದರೆ ಕೈ ಮಾತ್ರವಲ್ಲ, ಮನಸ್ಸೂ ನಿಲ್ಲಬೇಕು. ಗಳಿಗೆಗೊಮ್ಮೆ ಮೊಬೈಲ್ ನೋಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಏಕಾಗ್ರತೆಯ ಪಾಠ ಬೇರೆ ಸಿಗಲಾರದು.

ಚಿಕ್ಕಬಳ್ಳಾಪುರದ ಹೆಮ್ಮೆ

ಮುಂಬಯಿ ಕನ್ನಡಿಗರು ಈ ಸಂದರ್ಭದಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಸುಮಾ ಶಿರೂರು ಅವರದು. ಚಿಕ್ಕಬಳ್ಳಾಪುರದಲ್ಲಿ ಜನಿಸಿ ನವಿ ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ಅವರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದರು. ಪನ್ವೇಲ್‌ನಲ್ಲಿ ‘ಲಕ್ಷ್ಯ’ ಶೂಟಿಂಗ್ ಕ್ಲಬ್ ಕಟ್ಟಿ ಬೆಳೆಸಿದ ಅವರ ಮಾರ್ಗದರ್ಶನದಲ್ಲೇ ಅವನಿ ಲೇಖರಾ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಗೆದ್ದರು. ಸುಮಾ ಅವರಿಗೆ 2022ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿದೆ.

ಮುಂಬಯಿಯವರೇ ಆದ ಅಂಜಲಿ ಭಾಗವತ್ ರೈಫಲ್ ಹಿಡಿದದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಅಲ್ಲಿಂದ ಅವರು 2000ದ ಸಿಡ್ನಿ ಒಲಿಂಪಿಕ್ಸ್‌ನ ಫೈನಲಿಗೇರಿದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಕರ್ನಾಟಕದ ಇನ್ನೋರ್ವ ಪಿಸ್ತೂಲ್ ಪಟು ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಸರಬ್‌ಜೋತ್ ಸಿಂಗ್ ಜೊತೆಗೂಡಿ ಚಿನ್ನ ತಂದರು.

ಹಾಗೆಂದು ರೇಂಜಿಗೆ ಹೋದ ಮಕ್ಕಳೆಲ್ಲ ಪದಕ ತರಲಾರರು. ಇದು ದುಬಾರಿ ಕ್ರೀಡೆ. ಸ್ಪರ್ಧೆಗೆ ಬೇಕಾದ ವಿದೇಶೀ ರೈಫಲಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಹಾಗಾಗಿ ಆರಂಭದಲ್ಲೇ ಗನ್ ಕೊಳ್ಳುವ ಅವಸರ ಬೇಡ. ಕ್ಲಬ್ಬಿನ ಗನ್ನಿನಲ್ಲೇ ಕೆಲವು ತಿಂಗಳು ಕಲಿಯಲಿ, ಆಸಕ್ತಿ ನಿಂತರೆ ಮುಂದಿನ ಯೋಚನೆ. ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು. ಸೇರಿಸುವ ಮುನ್ನ ಪಾಲಕರು ಒಂದು ಗಂಟೆ ಅಲ್ಲಿ ಕುಳಿತು ನೋಡುವುದು ಲೇಸು. ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು? ಆಜ್ಞೆ ಕೊಡುವವರು ಯಾರು? ಅಭ್ಯಾಸದ ಬಳಿಕ ಗನ್ನುಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದ ಕಡೆ ಮಗುವನ್ನು ಬಿಡಬಾರದು.

ಸಂಘಗಳು ಮಾಡಬಹುದಾದ ಕೆಲಸ

ಕನ್ನಡ ಸಂಘಗಳು ಬೇಸಿಗೆ ಶಿಬಿರಗಳಲ್ಲಿ ಯಕ್ಷಗಾನ, ಭಜನೆ, ಚಿತ್ರಕಲೆ ಕಲಿಸುತ್ತ ಬಂದಿರುವುದು ಶ್ಲಾಘನೀಯ. ಊರಿಗೆ ಹೊರಡುವ ಮಕ್ಕಳಿಗಾಗಿ ಅದೇ ಶಿಬಿರದಲ್ಲಿ ಒಂದು ಗಂಟೆಯ ಸುರಕ್ಷತೆಯ ಪಾಠವನ್ನೂ ಇಟ್ಟುಕೊಂಡರೆ ಖರ್ಚೇನೂ ಇಲ್ಲ. ಕೆರೆ, ಬಾವಿ, ಹಾವು, ವಿದ್ಯುತ್ ತಂತಿಗಳ ಸಾಲಿಗೆ ಕೋವಿಯೂ ಸೇರಲಿ. ಸಂಘದ ಸದಸ್ಯರಲ್ಲಿ ಸೇನೆಯಿಂದ, ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಎನ್‌ಸಿಸಿಯಲ್ಲಿ ತರಬೇತಿ ಪಡೆದವರು ಇದ್ದರೆ ಅವರನ್ನೇ ಕರೆಸಿ ಮಾತಾಡಿಸಬಹುದು. ಪಾಲಕರಿಗೂ ಒಂದು ಮಾತು ಹೇಳಿಸುವುದು ಒಳಿತು. ಊರಿಗೆ ಫೋನ್ ಮಾಡುವಾಗ ಹಲಸಿನಹಣ್ಣು ಆಯಿತೇ ಎಂದು ಕೇಳುವ ಜೊತೆಗೆ ಕೋವಿ ಬೀಗದೊಳಗಿದೆಯೇ ಎಂದೂ ಕೇಳಲಿ. ಹಿರಿಯರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಮೊಮ್ಮಕ್ಕಳ ಮೇಲಿನ ಕಾಳಜಿ ಅವರಿಗೂ ಅರ್ಥವಾಗುತ್ತದೆ.

“ಅಜ್ಜ, ಇದು ನಿಜದ್ದಾ?” ಎಂಬ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರವೂ ಉಂಟು. “ಹೌದು ಮಗಾ, ನಿಜದ್ದೇ. ಕೈ ಹಿಂದೆ ಕಟ್ಟಿ ನಿಲ್ಲು, ತೋರಿಸುತ್ತೇನೆ” ಎಂದು ಅಜ್ಜ ತಾನೇ ಬೀಗ ತೆಗೆದು, ನಳಿಗೆಯನ್ನು ನೆಲದತ್ತ ಹಿಡಿದು, ಒಳಗೆ ಏನೂ ಇಲ್ಲವೆಂಬುದನ್ನು ಮೊದಲು ತಾನು ನೋಡಿ, ಆಮೇಲೆ ಅವನಿಗೆ ತೋರಿಸಬಹುದು. ಇದು ಯಾಕೆ ಮನೆಯಲ್ಲಿದೆ, ಇದರಿಂದ ಏನಾಗಬಹುದು, ಇನ್ನು ಮುಂದೆ ನೋಡಬೇಕೆನಿಸಿದರೆ ತನ್ನನ್ನೇ ಕೇಳಬೇಕು ಎಂದು ಹೇಳಿ ಮತ್ತೆ ಬೀಗ ಹಾಕಬಹುದು. ಐದು ನಿಮಿಷದ ಕೆಲಸ. ಕದ್ದು ನೋಡುವ ಆಸೆಗೆ ಅಲ್ಲಿ ಹೆಚ್ಚು ಜಾಗ ಉಳಿಯುವುದಿಲ್ಲ. ಉಳಿದರೂ ಬೀಗವಿದೆ. ಈ ರಜೆಯಲ್ಲಿ ಊರಿಗೆ ಹೋದ ಮಕ್ಕಳೆಲ್ಲ ಶಾಲೆ ತೆರೆಯುವ ದಿನ ಸುಖವಾಗಿ ಹಿಂತಿರುಗಲು ಅಷ್ಟು ಮಾಡಿದರೆ ನಷ್ಟವೇನೂ ಇಲ್ಲ.